ಗಾಡಿ ನಮ್ಮದು, ಮೋನೋಗ್ರಾಮ್ ಯಾರದು?

ಹಳೆಯ ಯೆಜ್ಡಿಗೆ ಎಡಗಾಲ ಬಳಿ ಇರುವುದು ಒಂದೇ ಲಿವರ್. ಒಳಕ್ಕೊತ್ತಿ ಹಿಂದಕ್ಕೆತ್ತಿದರೆ ಅದೇ ಕಿಕ್ಕರ್, ಗಾಡಿ ಶುರುವಾದ ಮೇಲೆ ಮುಂದಕ್ಕೆ ಮಲಗಿಸಿದರೆ ಅದೇ ಗೇರ್. ಹೊಸಬರು ಇದನ್ನು ಕಂಡು ಕಕ್ಕಾಬಿಕ್ಕಿಯಾಗುತ್ತಾರೆ. ಹಳಬರು ಬೀಗುತ್ತಾರೆ. ಲಿವರಿನ ಹಲ್ಲು ಸವೆದರೆ ಮಾತ್ರ ಇಬ್ಬರ ಮೀನಖಂಡಕ್ಕೂ ಪೆಟ್ಟು ತಪ್ಪಿದ್ದಲ್ಲ. ಮೈಸೂರಿನ ಕಾರ್ಖಾನೆ 1996ರಲ್ಲೇ ಬಾಗಿಲು ಹಾಕಿದ ಮೇಲೆ ಕಂಪನಿ ಸ್ಪೇರ್ ಎಲ್ಲಿಂದ ಬರಬೇಕು? ಹಾಗಾಗಿ ದಾವಣಗೆರೆಯಲ್ಲಾಗಲಿ ಹರಿಹರದಲ್ಲಾಗಲಿ ಇಂಥ ಗಾಡಿಯನ್ನು ಮತ್ತೆ ಎಬ್ಬಿಸಲು ಹೊರಟವನು ಗ್ಯಾರೇಜಿಗಿಂತ ಮೊದಲು ಲೇತ್ ಕೆಲಸದವರನ್ನು ಹುಡುಕಬೇಕು.

ಸವೆದ ಬುಷ್ ಒಂದನ್ನು ಹೊಸದಾಗಿ ಮಾಡುವುದನ್ನೇ ನೋಡಿ. ಗನ್‌ಮೆಟಲ್ ತುಂಡನ್ನು ಚಕ್ಕಿಗೆ ಕಚ್ಚಿಸಿ, ಹೊರಮೈ ಟರ್ನಿಂಗ್ ಮಾಡಿ, ಒಳಗೆ ಡ್ರಿಲ್ ಹೊಡೆದು ಬೋರ್ ಕೊಡುತ್ತಾರೆ. ವರ್ನಿಯರ್ ಹಿಡಿದು ಅಳೆದರೂ ಕೊನೆಯ ತೀರ್ಪು ಬೆರಳಿನದು. ಹಳೆಯ ಪಿನ್ನಿಗೆ ಎಣ್ಣೆ ಸವರಿ ತೂರಿಸುತ್ತಾರೆ. ಬಿಗಿಯಾಗಿ ಹೋದರೆ ಎಮೆರಿ ಹಾಳೆಯಿಂದ ಒಂದೆರಡು ಸುತ್ತು, ಸಡಿಲವಾದರೆ ಆ ಬುಷ್ ಗುಜರಿಗೆ. ಸಿಲಿಂಡರ್ ಸವೆದಿದ್ದರೆ ಬೋರ್ ಹಿಗ್ಗಿಸಿ ಓವರ್‌ಸೈಜ್ ಪಿಸ್ಟನ್ ಕೂರಿಸುತ್ತಾರೆ. ಟ್ಯಾಂಕಿಗೆ ಟಿಂಕರಿಂಗ್, ಪುಟ್ಟಿ, ಪ್ರೈಮರ್, ಬಣ್ಣ, ರಿಮ್ಮಿಗೆ ಕ್ರೋಮ್. ಎಲ್ಲ ಮುಗಿದ ಮೇಲೆ ಟ್ಯಾಂಕಿನ ಎರಡೂ ಬದಿಗೆ ಮೋನೋಗ್ರಾಮ್.

ಕಾನೂನಿನ ಕಣ್ಣು ಬೀಳುವುದು ಈ ಕೊನೆಯ ಚೂರಿನ ಮೇಲೆ. ಗಾಡಿ ನಿಮ್ಮದು, ಆರ್‌ಸಿ ನಿಮ್ಮ ಹೆಸರಲ್ಲಿದೆ, ರಿಪೇರಿ ಮಾಡಿಸಿಕೊಳ್ಳುವುದಕ್ಕೆ ಯಾರೂ ಅಡ್ಡ ಬರುವುದಿಲ್ಲ. 1999ರ ಟ್ರೇಡ್‌ಮಾರ್ಕ್ ಕಾಯ್ದೆಯ 30ನೇ ಸೆಕ್ಷನ್ ಬಿಡಿಭಾಗ ಮಾಡುವವರಿಗೂ ಜಾಗ ಬಿಟ್ಟಿದೆ: ಇಂಥ ಗಾಡಿಗೆ ಹೊಂದುತ್ತದೆ ಎಂದು ತಿಳಿಸಲು ಎಷ್ಟು ಬೇಕೋ ಅಷ್ಟರ ಮಟ್ಟಿಗೆ ಬೇರೆಯವರ ಬ್ರಾಂಡ್ ಹೆಸರು ಬರೆಯಬಹುದು. ‘ಯೆಜ್ಡಿಗೆ ಹೊಂದುವ ಬುಷ್’ ಎಂದು ಪೊಟ್ಟಣದ ಮೇಲೆ ಬರೆದರೆ ತಪ್ಪಿಲ್ಲ. ಅದೇ ಬುಷ್ಷನ್ನು ಕಂಪನಿಯ ಅಕ್ಷರ, ಕಂಪನಿಯ ಲಾಂಛನ ಹಾಕಿ ಕಂಪನಿ ಮಾಲೇ ಅನ್ನಿಸುವಂತೆ ಮಾರಿದರೆ ತಪ್ಪು. ಮೋನೋಗ್ರಾಮ್ ಅಚ್ಚು ಹಾಕಿಸಿ ಗೊಂಚಲುಗಟ್ಟಲೆ ಮಾರುವವರು ನಿಂತಿರುವುದು ಈ ಗೆರೆಯ ಆಚೆಗೆ. ಆದರೆ ಮಾಲೀಕನೇ ಇಲ್ಲದ ಹೆಸರಾದರೆ? ಈ ಪ್ರಶ್ನೆ ಬರೀ ತರಲೆಯಲ್ಲ. ಕರ್ನಾಟಕ ಹೈಕೋರ್ಟ್ ವರ್ಷಗಟ್ಟಲೆ ಕೂತು ಬಿಡಿಸಿದ ಕಗ್ಗಂಟು ಇದೇ.

ಐಡಿಯಲ್ ಜಾವಾ ಕಂಪನಿಯನ್ನು ಮೈಸೂರಿನಲ್ಲಿ ಕಟ್ಟಿದವರು ಇರಾನಿ ಕುಟುಂಬದವರು. 1960ರ ದಶಕದ ಆರಂಭದಲ್ಲಿ ಜೆಕೊಸ್ಲೊವಾಕಿಯಾದ ಜಾವಾ ಬೈಕುಗಳನ್ನು ಲೈಸೆನ್ಸ್ ಪಡೆದು ತಯಾರಿಸಿದರು, ಎಪ್ಪತ್ತರ ದಶಕದಲ್ಲಿ ‘ಯೆಜ್ಡಿ’ ಎಂಬ ಸ್ವಂತ ಹೆಸರಿಗೆ ಬದಲಾದರು. ಕಂಪನಿ ಮುಳುಗಿತು, ಹೈಕೋರ್ಟ್ ಅದನ್ನು ಸಮಾಪನಕ್ಕೆ ಒಪ್ಪಿಸಿತು, ಆಸ್ತಿಯೆಲ್ಲ ಅಧಿಕೃತ ಸಮಾಪಕರ ಕೈಗೆ ಹೋಯಿತು. ಜಾಗ, ಯಂತ್ರ, ಗುಜರಿ ಲೆಕ್ಕಕ್ಕೆ ಸಿಗುತ್ತವೆ. ಹೆಸರು? ಸಂಸ್ಥಾಪಕರ ಮಗ ಬೋಮನ್ ಇರಾನಿ ಯೆಜ್ಡಿ ಟ್ರೇಡ್‌ಮಾರ್ಕನ್ನು ತಮ್ಮ ಹೆಸರಿಗೆ ನೋಂದಾಯಿಸಿಕೊಂಡರು. ಮಹೀಂದ್ರಾ ಬೆಂಬಲದ ಕ್ಲಾಸಿಕ್ ಲೆಜೆಂಡ್ಸ್ ಕಂಪನಿಯಲ್ಲಿ ಅವರೂ ಪಾಲುದಾರರು. ಆ ಕಂಪನಿ 2018ರಲ್ಲಿ ಜಾವಾವನ್ನು, 2022ರ ಜನವರಿಯಲ್ಲಿ ಯೆಜ್ಡಿಯನ್ನು ಹೊಸ ಅವತಾರದಲ್ಲಿ ರಸ್ತೆಗಿಳಿಸಿತು.

ಅದೇ ವರ್ಷ ಡಿಸೆಂಬರಿನಲ್ಲಿ ಹೈಕೋರ್ಟಿನ ಏಕಸದಸ್ಯ ಪೀಠ ಕೊಟ್ಟ ತೀರ್ಪು ಹೀಗಿತ್ತು: ಹೆಸರೂ ಮುಳುಗಿದ ಕಂಪನಿಯ ಆಸ್ತಿಯೇ, ಅದು ಸಮಾಪಕರ ವಶದಲ್ಲಿದೆ, ಇರಾನಿಯವರ ನೋಂದಣಿ ರದ್ದು. ಮೇಲ್ಮನವಿಯಲ್ಲಿ ಈ ಆದೇಶಕ್ಕೆ ತಡೆ ಸಿಕ್ಕಿತು. 2025ರ ನವೆಂಬರಿನಲ್ಲಿ ವಿಭಾಗೀಯ ಪೀಠ ಅದನ್ನು ಪೂರ್ತಿ ತಿರುಗಿಸಿತು. 1996ರ ನಂತರ ಹಳೆ ಕಂಪನಿ ಆ ಹೆಸರಲ್ಲಿ ಒಂದು ಗಾಡಿಯನ್ನೂ ಮಾರಿಲ್ಲ, ನೋಂದಣಿಯನ್ನು ನವೀಕರಿಸಲೂ ಇಲ್ಲ. ಬಳಸದೆ ಬಿಟ್ಟ ಗುರುತಿಗೆ ಒಡೆತನ ಉಳಿಯದು ಎಂಬುದು ಅದರ ತರ್ಕ. ಕಾನೂನಿನ ದೃಷ್ಟಿಯಲ್ಲಿ ಇದು ಸರಿ ಅಂತಲೇ ನನಗೂ ಅನಿಸುತ್ತದೆ. ಆದರೂ ಒಂದು ಮಾತು: ಇಷ್ಟು ವರ್ಷ ಆ ಹೆಸರಿನ ಬಳಕೆ ನಿಂತಿರಲಿಲ್ಲ. ಬಳಸುತ್ತಿದ್ದವರು ಗ್ಯಾರೇಜಿನವರು, ಹಳೆ ಸ್ಪೇರ್ ಅಂಗಡಿಯವರು, ವಾರಕ್ಕೊಮ್ಮೆ ಗಾಡಿ ತೆಗೆದು ಹೊಗೆ ಎಬ್ಬಿಸುವ ಸವಾರರು. ಹೆಸರಿನ ಮರ್ಯಾದೆ ಕಾದವರು ಇವರು. ಕೋರ್ಟಿನ ದಾಖಲೆಯಲ್ಲಿ ಇವರಿಗೆ ಕಾಲಂ ಇಲ್ಲ.

ಇಲ್ಲಿ ಹರಿಹರದ ನೆನಪು ಬಾರದೆ ಇರದು. 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಲೇತುಗಳನ್ನು ಮಾಡುತ್ತಿತ್ತು. ಅದರಿಂದಾಗಿಯೇ ಊರ ಪಕ್ಕದ ಬಡಾವಣೆ ಯಂತ್ರಪುರ ಅನ್ನಿಸಿಕೊಂಡಿತು. ಆ ಕಾರ್ಖಾನೆಯೂ ಮುಚ್ಚಿತು, ಅದರ ಲೇತುಗಳು ಇನ್ನೂ ತಿರುಗುತ್ತಿವೆ. ಸೆಕೆಂಡ್‌ಹ್ಯಾಂಡ್ ಕಿರ್ಲೋಸ್ಕರ್ ಲೇತ್ ಕೊಳ್ಳಲು ಬಂದವನು ಬೆಡ್ಡಿನ ಸವೆತಕ್ಕಿಂತ ಮೊದಲು ನೇಮ್‌ಪ್ಲೇಟ್ ಇದೆಯೇ ಎಂದು ನೋಡುತ್ತಾನೆ. ಈ ಹೆಸರಿನ ಬೆಲೆ ಆ ಮನೆತನಕ್ಕೂ ಗೊತ್ತಿತ್ತು. ಡೀಸೆಲ್ ಎಂಜಿನ್ ರೀಕಂಡೀಶನ್ ಮಾಡುವ ‘ಕಿರ್ಲೋಸ್ಕರ್ ಡೀಸೆಲ್ ರೀಕಾನ್’ ಎಂಬ ಕಂಪನಿ ಹುಟ್ಟಿದಾಗ ಟ್ರೇಡ್‌ಮಾರ್ಕಿನ ಒಡೆತನವಿದ್ದ ಕಿರ್ಲೋಸ್ಕರ್ ಪ್ರೊಪ್ರೈಟರಿ ಕೋರ್ಟಿಗೆ ಹೋಯಿತು. 1995ರಲ್ಲಿ ಬಾಂಬೆ ಹೈಕೋರ್ಟ್ ಆ ಹೆಸರು ಬಳಸದಂತೆ ತಡೆಯಿತು. ಎರಡೂ ಕಡೆಯ ವ್ಯಾಪಾರ ಬೇರೆಬೇರೆ ಎಂಬ ವಾದ ನಿಲ್ಲಲಿಲ್ಲ. ಇಷ್ಟು ಹೆಸರಾದ ಹೆಸರು ಎಲ್ಲಿ ಕಂಡರೂ ಜನ ಒಂದೇ ಮನೆಯದು ಅಂದುಕೊಳ್ಳುತ್ತಾರೆ ಎಂದಿತು ಕೋರ್ಟ್. ಎಂಜಿನ್ ರೀಕಂಡೀಶನ್ ಮಾಡಬಾರದೆಂದು ಯಾರೂ ಹೇಳಲಿಲ್ಲ. ತಡೆ ಬಿದ್ದದ್ದು ಬೋರ್ಡಿಗೆ ಮಾತ್ರ.

ಹೆಸರು ಹೋಗಲಿ, ಆಕಾರ ಯಾರದು? ಜಗತ್ತಿನ ದೊಡ್ಡ ಜಗಳಗಳು ನಡೆದದ್ದು ಇಲ್ಲಿ. ಅಮೆರಿಕದಲ್ಲಿ ರಾಬರ್ಟ್ಸ್ ಎಂಬಾತ ಫೆರಾರಿ ಡೇಟೋನಾ ಸ್ಪೈಡರ್ ಮತ್ತು ಟೆಸ್ಟರೋಸಾಗಳ ಹಾಗೆ ಕಾಣುವ ಫೈಬರ್‌ಗ್ಲಾಸ್ ಬಾಡಿಗಳನ್ನು ಮಾಡಿ ಮಾರುತ್ತಿದ್ದ. ಇದು ಫೆರಾರಿ ಅಲ್ಲ ಎಂದು ಕೊಳ್ಳುವವರಿಗೆ ಮೊದಲೇ ಹೇಳುತ್ತಿದ್ದೆ ಎಂಬುದು ಅವನ ವಾದ. 1991ರಲ್ಲಿ ಅಲ್ಲಿನ ಮೇಲ್ಮನವಿ ನ್ಯಾಯಾಲಯ ಅದನ್ನು ಒಪ್ಪಲಿಲ್ಲ. ಕೊಂಡವನಿಗೆ ಗೊತ್ತಿರಬಹುದು, ರಸ್ತೆಯಲ್ಲಿ ನಿಂತು ನೋಡಿದವನಿಗೆ ಗೊತ್ತಿರುತ್ತದೆಯೇ? ಕಾರಿನ ಆಕಾರವೇ ಫೆರಾರಿಯ ರುಜು ಎಂದಿತು ಅದು. ಹಾಗೆಂದು ಫೆರಾರಿ ಎಲ್ಲ ಕಡೆ ಗೆದ್ದಿಲ್ಲ. 1962ರಿಂದ 64ರವರೆಗೆ ಕೇವಲ 36 ತಯಾರಾದ 250 ಜಿಟಿಒ ಕಾರಿನ ಆಕಾರವನ್ನು ಯುರೋಪಿನಲ್ಲಿ ಟ್ರೇಡ್‌ಮಾರ್ಕ್ ಮಾಡಿಸಿಕೊಂಡಿತ್ತು. ಅದೇ ಮೊಡೆನಾದ ಅರೆಸ್ ಎಂಬ ಕಾರು ವಿನ್ಯಾಸದ ಸಂಸ್ಥೆ ಇದನ್ನು ಪ್ರಶ್ನಿಸಿತು. ಆ ಗುರುತನ್ನು ಕಾರಿನ ಮೇಲೆ ನೀವು ಬಳಸಿಯೇ ಇಲ್ಲ ಎಂದು 2020ರಲ್ಲಿ ಯುರೋಪಿನ ಬೌದ್ಧಿಕ ಆಸ್ತಿ ಕಚೇರಿ ನೋಂದಣಿಯನ್ನು ಕತ್ತರಿಸಿ, ಆಟಿಕೆ ಕಾರುಗಳ ಮಟ್ಟಿಗೆ ಉಳಿಸಿತು. ಯೆಜ್ಡಿಗೂ ಜಿಟಿಒಗೂ ಒಂದೇ ನ್ಯಾಯ ಬಡಿದದ್ದು ನನಗೆ ಖುಷಿ ಕೊಟ್ಟಿತು. ಕಾನೂನು ಅಪರೂಪಕ್ಕೊಮ್ಮೆ ಇಂಥ ಸಮಾನತೆ ತೋರಿಸುತ್ತದೆ.

ನಮ್ಮಲ್ಲಿ ಹಳೆಯ ಕಾರಿನ ಆಕಾರಕ್ಕೆ ರಕ್ಷಣೆ ಇನ್ನೂ ತೆಳು. 2000ದ ವಿನ್ಯಾಸ ಕಾಯ್ದೆ ಕೊಡುವುದು ಹತ್ತು ವರ್ಷ, ಕೇಳಿಕೊಂಡರೆ ಇನ್ನೈದು. ವಿನ್ಯಾಸವಾಗಿ ನೋಂದಾಯಿಸಬಹುದಾಗಿದ್ದನ್ನು ನೋಂದಾಯಿಸದೆ ಕಾರ್ಖಾನೆಯಲ್ಲಿ ಐವತ್ತಕ್ಕಿಂತ ಹೆಚ್ಚು ಪ್ರತಿ ತೆಗೆದರೆ ಕೃತಿಸ್ವಾಮ್ಯವೂ ಹೋಗುತ್ತದೆ ಎನ್ನುತ್ತದೆ ಕೃತಿಸ್ವಾಮ್ಯ ಕಾಯ್ದೆಯ 15ನೇ ಸೆಕ್ಷನ್. ಲಾರಿಯ ಮೇಲೆ ಕೂರಿಸುವ ಗ್ಯಾಸ್ ಟ್ಯಾಂಕರಿನ ನಕ್ಷೆಗಳ ಪ್ರಕರಣವೊಂದರಲ್ಲಿ 2025ರ ಏಪ್ರಿಲಿನಲ್ಲಿ ಸುಪ್ರೀಂ ಕೋರ್ಟ್ ಈ ಸೆಕ್ಷನ್ನನ್ನು ಅಳೆಯುವ ಬಗೆಯನ್ನು ಬಿಡಿಸಿ ಹೇಳಿತು. ಉಳಿದ ದಾರಿ ಆಕಾರವನ್ನೇ ಟ್ರೇಡ್‌ಮಾರ್ಕ್ ಮಾಡಿಸುವುದು, ಆದರೆ ವಸ್ತುವಿಗೆ ಬೆಲೆ ತರುವುದೇ ಆ ಆಕಾರವಾಗಿದ್ದರೆ ಅದಕ್ಕೂ ನೋಂದಣಿ ಸಿಗದು. ಸ್ಪೋರ್ಟ್ಸ್ ಕಾರಿಗೆ ಬೆಲೆ ಬರುವುದು ಮತ್ತೆ ಯಾತರಿಂದ? ಮಹಾರಾಷ್ಟ್ರದ ಅಲಿಬಾಗಿನ ಚಿಂಕಾರಾ ಮೋಟಾರ್ಸ್ ಬ್ರಿಟನ್ನಿನ ಲೋಟಸ್ ಸೆವೆನ್ ಮಾದರಿಯ ರೋಡ್‌ಸ್ಟರ್ ಕಟ್ಟಿತು; ಅದರ ಮೂತಿಯ ಮೇಲಿದ್ದದ್ದು ಚಿಂಕಾರಾ ಹೆಸರೇ.

ದಾವಣಗೆರೆಯಲ್ಲಿ ಅಂಥದ್ದೊಂದು ಕಾರು ಕಟ್ಟಲು ಕೈಕಸುಬಿಗೇನೂ ಕೊರತೆಯಿಲ್ಲ. ಕೊರತೆ ಬರುವುದು ಆರ್‌ಟಿಓ ಕಚೇರಿಯ ಕಟ್ಟೆಯಲ್ಲಿ. ತಯಾರಕನಾದವನು ಮಾದರಿ ಗಾಡಿಯನ್ನು ಮಾನ್ಯತೆ ಪಡೆದ ಪರೀಕ್ಷಾ ಸಂಸ್ಥೆಗೆ ಕೊಟ್ಟು ಪಾಸು ಮಾಡಿಸಬೇಕು. ಇದ್ದ ಗಾಡಿಯನ್ನೇ ಬೇರೆ ವೇಷಕ್ಕೆ ತಿರುಗಿಸೋಣ ಅಂದರೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇದೆ: ತಯಾರಕರು ಕೊಟ್ಟ ಮೂಲ ವಿವರದಿಂದ ಬೇರೆಯಾಗುವಂಥ ಮಾರ್ಪಾಡು ಸಲ್ಲದು ಎಂದು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಖಡಾಖಂಡಿತವಾಗಿ ಹೇಳಿದೆ. ಟ್ರೇಡ್‌ಮಾರ್ಕ್ ಮಾಲೀಕ ನೋಟಿಸ್ ಕಳಿಸುವ ಮೊದಲೇ ಕೆಎ-17 ಪ್ಲೇಟ್ ಸಿಗದೆ ಆಸೆ ಕಮರುತ್ತದೆ.

ಮೂಲ ಗಾಡಿಯನ್ನು ಮೂಲದಂತೆಯೇ ಉಳಿಸಿಕೊಂಡವರಿಗೆ 2021ರ ವಿಂಟೇಜ್ ನಿಯಮಗಳು ದಾರಿ ಮಾಡಿವೆ. ಮೊದಲ ನೋಂದಣಿಯಾಗಿ ಐವತ್ತು ವರ್ಷ ದಾಟಿದ ಬೈಕು, ಕಾರುಗಳಿಗೆ ‘ವಿಎ’ ಅಕ್ಷರಗಳ ವಿಶೇಷ ನಂಬರ್ ಸಿಗುತ್ತದೆ. ಹೊಸ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷದ ಬಳಿಕ ಮರುನೋಂದಣಿಗೆ 5,000. ಚಾಸಿಸ್, ಬಾಡಿ, ಎಂಜಿನ್ನುಗಳಲ್ಲಿ ದೊಡ್ಡ ಬದಲಾವಣೆ ಆಗಿರಕೂಡದು, ದಿನನಿತ್ಯದ ಓಡಾಟಕ್ಕೂ ಬಾಡಿಗೆಗೂ ಬಳಸುವಂತಿಲ್ಲ. ಮೈಸೂರು ಜಾವಾಗಳು ಈ ವಯಸ್ಸು ಎಂದೋ ದಾಟಿವೆ, ಮೊದಮೊದಲ ಯೆಜ್ಡಿಗಳೂ ಈಗ ಆ ಸಾಲಿಗೆ ಸೇರಿವೆ. ಅಂಥದ್ದನ್ನು ಕೊಳ್ಳಲು ಹೊರಟಿದ್ದರೆ ಟ್ಯಾಂಕಿನ ಮೇಲೆ ಹೊಳೆಯುವ ಅಕ್ಷರಗಳಿಗೆ ದುಡ್ಡು ಕೊಡಬೇಡಿ. ಅವು ನಿನ್ನೆ ಮೊನ್ನೆ ಅಂಗಡಿಯಿಂದ ಬಂದಿರಬಹುದು. ಫ್ರೇಮಿನ ಮೇಲೆ ಕೊರೆದ ಚಾಸಿಸ್ ನಂಬರಿಗೆ ಸ್ವಲ್ಪ ಥಿನ್ನರ್ ಹಚ್ಚಿ, ಬಣ್ಣ ಬಿಟ್ಟ ಮೇಲೆ ಆರ್‌ಸಿಯೊಂದಿಗೆ ತಾಳೆ ನೋಡಿ, ಆಮೇಲೆ ರೇಟು ಕೇಳಿ.