ಓದು, ಬರಹವೂ ಒಂದು ದೈವಕರೆ: ಫ್ಲಾನರಿ ಓ'ಕಾನರ್ ಬದುಕು ನಮಗೆ ಕಲಿಸುವ ಪಾಠ

ನಮ್ಮ ಧರ್ಮಕೇಂದ್ರಗಳಲ್ಲಿ ಸೇವೆ ಎಂದೊಡನೆ ನೆನಪಾಗುವವರು ಧರ್ಮೋಪದೇಶ ಕಲಿಸುವ ಶಿಕ್ಷಕರು, ಗಾಯನ ಮಂಡಳಿಯವರು, ವಾಳೆಯ ಗುರಿಕಾರರು, ಸಂತ ವಿನ್ಸೆಂಟ್ ದೆ ಪಾವ್ಲ್ ಸಭೆಯ ಸದಸ್ಯರು. ಓದುವುದು ಮತ್ತು ಬರೆಯುವುದು ಸಹ ದೇವರು ಕೊಡುವ ಕರೆಯಾಗಬಲ್ಲದು ಎಂದು ನಾವು ಯೋಚಿಸುವುದು ಕಡಿಮೆ. ಅದನ್ನು ಬಾಳಿ ತೋರಿಸಿದವರಲ್ಲಿ ಅಮೆರಿಕದ ಕಥೋಲಿಕ ಲೇಖಕಿ ಫ್ಲಾನರಿ ಓ'ಕಾನರ್ ಒಬ್ಬರು. ಎರಡು ಕಾದಂಬರಿ ಮತ್ತು ಮೂವತ್ತರಷ್ಟು ಸಣ್ಣಕಥೆಗಳನ್ನು ಬರೆದು 39ನೇ ವಯಸ್ಸಿನಲ್ಲಿ ತೀರಿಕೊಂಡ ಇವರು 20ನೇ ಶತಮಾನದ ಪ್ರಮುಖ ಕ್ರೈಸ್ತ ಸಾಹಿತಿಗಳ ಸಾಲಿಗೆ ಸೇರುತ್ತಾರೆ.

ಬಾಲ್ಯ ಮತ್ತು ಪ್ರಾರ್ಥನೆಯ ದಿನಚರಿ

ಓ'ಕಾನರ್ ಜನಿಸಿದ್ದು 1925ರ ಮಾರ್ಚ್ 25ರಂದು, ಅಂದರೆ ಮಂಗಳವಾರ್ತೆಯ ಹಬ್ಬದ ದಿನ, ಜಾರ್ಜಿಯಾ ರಾಜ್ಯದ ಸವಾನಾ ನಗರದಲ್ಲಿ. ಅವರ ಮನೆ ಅಲ್ಲಿನ ಸ್ನಾನಿಕ ಯೊವಾನ್ನರ ಪ್ರಧಾನಾಲಯದ ಹತ್ತಿರದಲ್ಲೇ ಇತ್ತು. ಸುತ್ತಲಿನ ಸಮಾಜ ಹೆಚ್ಚಾಗಿ ಪ್ರೊಟೆಸ್ಟೆಂಟರದ್ದು, ಕಥೋಲಿಕರು ಅಲ್ಪಸಂಖ್ಯಾತರು. ಹದಿನೈದನೇ ವಯಸ್ಸಿನಲ್ಲೇ ಅವರು ತಂದೆಯನ್ನು ಕಳೆದುಕೊಂಡರು.

ಮುಂದೆ ಅಯೋವಾ ವಿಶ್ವವಿದ್ಯಾನಿಲಯದಲ್ಲಿ ಬರವಣಿಗೆ ಕಲಿಯುತ್ತಿದ್ದಾಗ, 1946-47ರಲ್ಲಿ, ಅವರು ಒಂದು ನೋಟುಪುಸ್ತಕದಲ್ಲಿ ದೇವರಿಗೆ ಪತ್ರದಂತೆ ಪ್ರಾರ್ಥನೆಗಳನ್ನು ಬರೆದಿಟ್ಟರು. ತನ್ನನ್ನು ಒಳ್ಳೆಯ ಲೇಖಕಿಯನ್ನಾಗಿ ಮಾಡು ಎಂದು ಅದರಲ್ಲಿ ಕೇಳಿಕೊಳ್ಳುತ್ತಾರೆ. ತಾನು ಬರೆದದ್ದು ಚೆನ್ನಾಗಿದ್ದರೆ ಅದು ದೇವರದೇ ಎಂದು ಒಪ್ಪಿಕೊಳ್ಳುತ್ತಾರೆ. ಹೆಸರಿನ ಆಸೆ ತನ್ನನ್ನು ದೇವರಿಂದ ದೂರ ಮಾಡೀತೆಂಬ ಭಯವನ್ನೂ ತೋಡಿಕೊಳ್ಳುತ್ತಾರೆ. ಈ ಪುಟಗಳು 2013ರಲ್ಲಿ ಪುಸ್ತಕವಾಗಿ ಪ್ರಕಟಗೊಂಡವು.

ಕಾಯಿಲೆಯ ನಡುವೆ ಬರವಣಿಗೆ

1950ರ ಕೊನೆಯಲ್ಲಿ ಕ್ರಿಸ್ಮಸ್‌ಗೆಂದು ಊರಿಗೆ ಬರುತ್ತಿದ್ದಾಗ ಅವರು ತೀವ್ರ ಅಸ್ವಸ್ಥರಾದರು. ದೇಹದ ರೋಗನಿರೋಧಕ ಶಕ್ತಿಯೇ ದೇಹದ ಮೇಲೆ ತಿರುಗಿ ಬೀಳುವ ಲೂಪಸ್ ಎಂಬ ಕಾಯಿಲೆ ಅದು. ತಂದೆಯನ್ನು ಬಲಿ ತೆಗೆದುಕೊಂಡದ್ದೂ ಅದೇ. ಉಳಿದ ಬದುಕನ್ನು ಅವರು ಮಿಲೆಜ್‌ವಿಲ್ ಪಟ್ಟಣದ ಬಳಿಯ ಆಂಡಲೂಸಿಯಾ ಎಂಬ ತೋಟದ ಮನೆಯಲ್ಲಿ ತಾಯಿಯೊಂದಿಗೆ, ತಾವು ಸಾಕಿದ ನವಿಲುಗಳ ನಡುವೆ ಕಳೆದರು. ಕೆಲವು ವರ್ಷಗಳಲ್ಲಿ ಊರುಗೋಲು ಇಲ್ಲದೆ ನಡೆಯಲಾಗದ ಸ್ಥಿತಿ ಬಂತು.

ಆದರೂ ಅವರ ದಿನಚರಿ ತಪ್ಪಲಿಲ್ಲ. ಬೆಳಿಗ್ಗೆ ಪ್ರಾರ್ಥನೆ, ತಾಯಿಯೊಂದಿಗೆ ಬಲಿಪೂಜೆ, ಅನಂತರ ಎರಡು ಮೂರು ಗಂಟೆ ಬರವಣಿಗೆ. ಏನೂ ಹೊಳೆಯದ ದಿನವೂ ಅವರು ಮೇಜು ಬಿಟ್ಟು ಏಳುತ್ತಿರಲಿಲ್ಲ. ಹೊಳೆಯುವ ಹೊತ್ತಿಗೆ ತಾನು ಅಲ್ಲಿರಬೇಕು ಎಂಬುದು ಅವರ ಲೆಕ್ಕ. 1958ರಲ್ಲಿ ಬಂಧುಗಳ ಒತ್ತಾಯಕ್ಕೆ ಲೂರ್ದ್ ಯಾತ್ರೆಗೆ ಹೋದಾಗ ಅವರು ಬೇಡಿಕೊಂಡದ್ದು ತಮ್ಮ ಮೂಳೆಗಳ ಗುಣಕ್ಕಾಗಿ ಅಲ್ಲ, ಅರ್ಧಕ್ಕೆ ನಿಂತಿದ್ದ ಕಾದಂಬರಿಗಾಗಿ! ಆ ಕಾದಂಬರಿ 1960ರಲ್ಲಿ ಹೊರಬಂತು.

ಏನು ಓದುತ್ತಿದ್ದರು?

ರಾತ್ರಿ ಮಲಗುವ ಮುನ್ನ ಸುಮಾರು 20 ನಿಮಿಷ ಸಂತ ತೋಮಸ್ ಅಕ್ವಿನಾಸರ ದೈವಶಾಸ್ತ್ರ ಗ್ರಂಥವನ್ನು ಓದುವುದು ಅವರ ರೂಢಿ. ಜಾಕ್ ಮಾರಿತೇನ್, ರೊಮಾನೊ ಗ್ವಾರ್ದಿನಿ, ತೆಯಾರ್ ದ ಶಾರ್ದೇನ್, ಈಡಿತ್ ಸ್ಟೈನ್, ಸಿಮೋನ್ ವೇಲ್ ಮುಂತಾದವರನ್ನೂ ಅವರು ಓದಿಕೊಂಡಿದ್ದರು. ಆ ಕಾಲದಲ್ಲಿ ಧರ್ಮಸಭೆಯ ನಿಷೇಧಿತ ಗ್ರಂಥಗಳ ಪಟ್ಟಿ ಇನ್ನೂ ಜಾರಿಯಲ್ಲಿತ್ತು, ಅದು ರದ್ದಾದದ್ದು 1966ರಲ್ಲಿ. ಆಂದ್ರೆ ಜೀದ್ ಮತ್ತು ಸಾರ್ತ್ರ್ ಅವರ ಪುಸ್ತಕಗಳನ್ನು ಓದಬೇಕಾದಾಗ ಅವರು ಪರಿಚಿತ ಧರ್ಮಗುರುವಿನ ಬಳಿ ಅನುಮತಿ ಕೇಳಿದ್ದರು. ವಿಧೇಯತೆಯನ್ನೂ ಬಿಡಲಿಲ್ಲ, ತಿಳಿಯುವ ಆಸೆಯನ್ನೂ ಬಿಡಲಿಲ್ಲ.

ಕಲಾವಿದನ ಮೊದಲ ಹೊಣೆ ತಾನು ಮಾಡುವ ವಸ್ತು ಚೆನ್ನಾಗಿರುವಂತೆ ನೋಡಿಕೊಳ್ಳುವುದು ಎಂಬುದನ್ನು ಅವರು ಮಾರಿತೇನರಿಂದ ಕಲಿತರು. ಬಡಗಿ ಎಷ್ಟೇ ಭಕ್ತನಾಗಿದ್ದರೂ ಕುಂಟುವ ಕುರ್ಚಿ ಕುಂಟುವ ಕುರ್ಚಿಯೇ ಅಲ್ಲವೇ? ಹಾಗೆಯೇ ಭಕ್ತಿಯ ವಿಷಯ ಬರೆದ ಮಾತ್ರಕ್ಕೆ ಕಳಪೆ ಬರಹ ಒಳ್ಳೆಯದಾಗದು ಎಂಬುದರಲ್ಲಿ ಅವರು ಬಹಳ ಖಡಾಖಂಡಿತ.

ಕಥೆಗಳಲ್ಲಿ ದೈವಕೃಪೆ

ಅವರ ಕಥೆಗಳನ್ನು ಮೊದಲ ಬಾರಿ ಓದಿದವರು ಬೆಚ್ಚಿಬೀಳುತ್ತಾರೆ. ಕೊಲೆಗಡುಕರು, ಸುಳ್ಳು ಬೋಧಕರು, ಜಂಭದ ಗೃಹಿಣಿಯರು ಅಲ್ಲಿ ತುಂಬಿದ್ದಾರೆ. 1964ರಲ್ಲಿ ಪ್ರಕಟವಾದ 'ರೆವೆಲೇಶನ್' ಕಥೆಯನ್ನೇ ನೋಡೋಣ. ವೈದ್ಯರ ಕೋಣೆಯ ಹೊರಗೆ ಕುಳಿತ ಮಿಸೆಸ್ ಟರ್ಪಿನ್ ಅಲ್ಲಿದ್ದವರನ್ನೆಲ್ಲ ಮೇಲು ಕೀಳೆಂದು ಮನಸ್ಸಿನಲ್ಲೇ ವಿಂಗಡಿಸುತ್ತಾ, ತನ್ನನ್ನು ಅವರಂತೆ ಮಾಡದ ಯೇಸುವಿಗೆ ಕೃತಜ್ಞತೆ ಸಲ್ಲಿಸುತ್ತಾಳೆ. ಆಗ ಅಲ್ಲಿದ್ದ ಹುಡುಗಿಯೊಬ್ಬಳು ಕೈಯಲ್ಲಿದ್ದ ಪುಸ್ತಕವನ್ನು ಅವಳ ಮುಖಕ್ಕೆ ಎಸೆದು ಬೈಯುತ್ತಾಳೆ. ಆ ಸಂಜೆ ಅವಳಿಗೊಂದು ದರ್ಶನವಾಗುತ್ತದೆ: ಅವಳು ಕೀಳೆಂದು ಬಗೆದವರೆಲ್ಲ ಸ್ವರ್ಗದತ್ತ ಮುಂದೆ ಸಾಗುತ್ತಿದ್ದಾರೆ, ಅವಳಂಥ ಮರ್ಯಾದಸ್ಥರು ಕೊನೆಯಲ್ಲಿದ್ದಾರೆ. ಶುಭಸಂದೇಶದ ಫರಿಸಾಯ ಮತ್ತು ಸುಂಕದವನ ಸಾಮತಿ ನಮಗೆ ನೆನಪಾಗದಿರದು. ಗರ್ವದಿಂದ ಮುಚ್ಚಿದ ಹೃದಯವನ್ನು ದೇವರ ಕೃಪೆ ಕೆಲವೊಮ್ಮೆ ಪೆಟ್ಟಿನಿಂದಲೇ ತೆರೆಯುತ್ತದೆ ಎಂಬುದು ಅವರ ಅನೇಕ ಕಥೆಗಳ ಹುರುಳು.

ಅವರು ಸಂತರಾಗಿರಲಿಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. ಕರಿಯ ಜನರ ಕುರಿತು ಕೆಲವು ಖಾಸಗಿ ಪತ್ರಗಳಲ್ಲಿ ಅವರು ಬರೆದ ಮಾತುಗಳು ನೋವು ತರುವಂಥವು. ಈ ಕಾರಣಕ್ಕೆ 2020ರಲ್ಲಿ ಮೇರಿಲ್ಯಾಂಡಿನ ಲೊಯೊಲಾ ವಿಶ್ವವಿದ್ಯಾನಿಲಯ ತನ್ನ ವಿದ್ಯಾರ್ಥಿನಿಲಯದಿಂದ ಅವರ ಹೆಸರನ್ನು ತೆಗೆದುಹಾಕಿತು. ಮಿಸೆಸ್ ಟರ್ಪಿನ್‌ಳ ಪಾಪ ಅದನ್ನು ಬರೆದ ಕೈಗೂ ಅಂಟಿತ್ತು. ಆ ಕಥೆಯ ಎಚ್ಚರಿಕೆ ನಮಗೂ ಇದೆ.

ಧರ್ಮಪ್ರಾಂತ್ಯದ ಪತ್ರಿಕೆಗೆ ಸೇವೆ

ನಮಗೆ ಅತಿ ಹತ್ತಿರವೆನಿಸುವ ಸಂಗತಿ ಇನ್ನೊಂದಿದೆ. ದೇಶದಾದ್ಯಂತ ಹೆಸರು ಗಳಿಸಿದ್ದ ಈ ಲೇಖಕಿ 1956ರಿಂದ ಜಾರ್ಜಿಯಾದ ಕಥೋಲಿಕ ಪತ್ರಿಕೆಗಳಿಗೆ ನೂರಕ್ಕೂ ಹೆಚ್ಚು ಪುಸ್ತಕ ವಿಮರ್ಶೆಗಳನ್ನು ಬರೆದುಕೊಟ್ಟರು. ಸಾಮಾನ್ಯ ವಿಶ್ವಾಸಿಗಳೂ ಒಳ್ಳೆಯ ಪುಸ್ತಕ ಓದಬೇಕೆಂಬ ಹಂಬಲ ಅವರದು. ನಮ್ಮ ಮಂಗಳೂರಿನಲ್ಲೂ 1938ರಲ್ಲಿ ಧರ್ಮಪ್ರಾಂತ್ಯದ 'ರಾಕ್ಣೊ' ಆರಂಭವಾದ ಮೇಲೆ ಎಷ್ಟೋ ಮಂದಿ ಇದೇ ಮನಸ್ಸಿನಿಂದ ಬರೆದಿದ್ದಾರೆ.

ಅಟ್ಲಾಂಟಾದಲ್ಲಿ ಕ್ಯಾನ್ಸರ್ ರೋಗಿಗಳನ್ನು ಆರೈಕೆ ಮಾಡುತ್ತಿದ್ದ ದೊಮಿನಿಕನ್ ಭಗಿನಿಯರು, ತಮ್ಮಲ್ಲಿ ಬೆಳೆದು 12ನೇ ವಯಸ್ಸಿನಲ್ಲಿ ತೀರಿಕೊಂಡ ಮೇರಿ ಆ್ಯನ್ ಎಂಬ ಬಾಲಕಿಯ ಕಥೆ ಬರೆಯುವಂತೆ ಅವರನ್ನು ಕೇಳಿಕೊಂಡರು. ಆಕೆಯನ್ನು ಕಂಡವರು ನೀವು, ನೀವೇ ಬರೆಯಿರಿ ಎಂಬುದು ಓ'ಕಾನರ್ ಉತ್ತರ. ಭಗಿನಿಯರು ಬರೆದರು, ಇವರು ತಿದ್ದಿ ಮುನ್ನುಡಿ ಬರೆದುಕೊಟ್ಟರು. 1961ರಲ್ಲಿ ಆ ಪುಸ್ತಕ ಪ್ರಕಟವಾಯಿತು.

1964ರಲ್ಲಿ ಶಸ್ತ್ರಚಿಕಿತ್ಸೆಯ ಬಳಿಕ ಕಾಯಿಲೆ ಉಲ್ಬಣಿಸಿತು. ಆಸ್ಪತ್ರೆಯಲ್ಲೂ ಅವರು ಹಸ್ತಪ್ರತಿಯನ್ನು ದಿಂಬಿನಡಿ ಬಚ್ಚಿಟ್ಟು ತಿದ್ದುತ್ತಿದ್ದರು. ರೋಗಿಗಳ ಅಭ್ಯಂಗ ಸಂಸ್ಕಾರವನ್ನು ತಾವೇ ಕೇಳಿ ಪಡೆದರು. ಆಗಸ್ಟ್ 3ರಂದು ಪ್ರಭುವಿನಲ್ಲಿ ನಿದ್ರೆಹೋದರು.

ನಾವೇನು ಮಾಡಬಹುದು?

ನಾವೆಲ್ಲರೂ ಕಥೆಗಾರರಾಗಬೇಕಿಲ್ಲ. ಆದರೆ ಮಲಗುವ ಮುನ್ನ 20 ನಿಮಿಷ ಶುಭಸಂದೇಶವನ್ನೋ ಒಂದು ಒಳ್ಳೆಯ ಪುಸ್ತಕವನ್ನೋ ಓದಲು ಯಾರಿಗೂ ಸಾಧ್ಯ. ಧರ್ಮಕೇಂದ್ರದ ಪತ್ರಿಕೆಗೆ ವರದಿ ಬರೆಯುವವರು, ಕಿರುನಾಟಕ ರಚಿಸುವ ಯುವಜನರು, ಭಕ್ತಾದಿಗಳ ಪ್ರಾರ್ಥನೆ ಸಿದ್ಧಪಡಿಸುವವರು, ದೇವರ ಕೆಲಸ ತಾನೇ, ಹೇಗಾದರೂ ನಡೆದೀತು ಎನ್ನದೆ ಇನ್ನೊಮ್ಮೆ ಓದಿ ತಿದ್ದಿ ಕೊಡೋಣ. ನಮ್ಮ ವಾಳೆಯಲ್ಲಿ ತೀರಿಕೊಂಡ ಹಿರಿಯರ, ಸದ್ದಿಲ್ಲದೆ ಸೇವೆ ಮಾಡಿದ ಭಗಿನಿಯರ ಬದುಕನ್ನು ಬರೆದಿಡಲು ಹೊರಗಿನ ಸಾಹಿತಿ ಬರಲಾರರು. ಅವರನ್ನು ಕಂಡವರು ನಾವು, ನಾವೇ ಬರೆಯಬೇಕು.