ಕೊಂಡದ್ದು ಮತ್ತು ಓದಿದ್ದು: ಫ್ಯಾಂಟಸಿ ಓದುಗರ ತಿಂಗಳ ಲೆಕ್ಕ

ಇಂಗ್ಲಿಷ್ ಕಾದಂಬರಿಕಾರ ನಿಕ್ ಹಾರ್ನ್‌ಬಿ 2003ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ‘ದ ಬಿಲೀವರ್’ ಪತ್ರಿಕೆಗೆ ತಮ್ಮ ಓದಿನ ಬಗೆಗೆ ಒಂದು ಅಂಕಣವನ್ನು ಬರೆಯತೊಡಗಿದರು. ಅಂಕಣದ ಪ್ರತಿ ಕಂತಿನ ಆರಂಭದಲ್ಲಿ ಎರಡು ಪಟ್ಟಿಗಳಿರುತ್ತಿದ್ದವು: ಆ ತಿಂಗಳು ಕೊಂಡ ಪುಸ್ತಕಗಳು, ಆ ತಿಂಗಳು ಓದಿದ ಪುಸ್ತಕಗಳು. ಎರಡೂ ಪಟ್ಟಿಗಳು ಒಂದಕ್ಕೊಂದು ಹೊಂದುತ್ತಿರಲಿಲ್ಲ. ಹಾಗೆ ಹೊಂದದಿರುವುದನ್ನು ಮರೆಮಾಚದೆ ಅದನ್ನೇ ಅಂಕಣದ ವಸ್ತುವನ್ನಾಗಿ ಮಾಡಿಕೊಂಡದ್ದು ಹಾರ್ನ್‌ಬಿಯವರ ಪ್ರಾಮಾಣಿಕತೆ. ಸಾಹಿತ್ಯವಿಮರ್ಶೆಯು ಸಾಮಾನ್ಯವಾಗಿ ಎರಡನೆಯ ಪಟ್ಟಿಯನ್ನು ಮಾತ್ರ ಕುರಿತು ಮಾತನಾಡುತ್ತದೆ. ಪುಸ್ತಕೋದ್ಯಮವು ಮೊದಲನೆಯದನ್ನು ಮಾತ್ರ. ಇವೆರಡರ ನಡುವಿನ ಅಂತರ ಯಾರ ಅಧ್ಯಯನಕ್ಕೂ ಸೇರದೆ ಉಳಿದಿದೆ.

ಹಾರ್ನ್‌ಬಿ ಫ್ಯಾಂಟಸಿಯ ಓದುಗರಲ್ಲ. ಆದರೆ ಈ ಅಂತರವು ಅತ್ಯಂತ ಢಾಳಾಗಿ ಕಾಣುವುದು ಇಂಗ್ಲಿಷಿನ ಫ್ಯಾಂಟಸಿ ಓದುಗರಲ್ಲಿಯೇ. ತಿಂಗಳಿಗೆ ಎರಡು ಪುಸ್ತಕ ಓದಿ ನಾಲ್ಕು ಕೊಳ್ಳುವವರನ್ನು ಊಹಿಸಿಕೊಂಡರೆ, ವರ್ಷಕ್ಕೆ ಇಪ್ಪತ್ತನಾಲ್ಕು ಪುಸ್ತಕಗಳು ಓದದೆ ಉಳಿಯುತ್ತವೆ. ಹತ್ತು ವರ್ಷಕ್ಕೆ ಇನ್ನೂರ ನಲವತ್ತು. ಇಂಥ ಓದುಗರು ತಮ್ಮನ್ನು ತಾವೇ ಅರ್ಧ ತಮಾಷೆಯಾಗಿ, ಅರ್ಧ ತಪ್ಪೊಪ್ಪಿಗೆಯಾಗಿ ‘ಚಟಕ್ಕೆ ಬಿದ್ದವರು’ ಎಂದು ಕರೆದುಕೊಳ್ಳುವುದುಂಟು. ಈ ಚಟವು ವ್ಯಕ್ತಿಯ ಸ್ವಭಾವದೋಷವೋ ಅಥವಾ ಫ್ಯಾಂಟಸಿ ಎಂಬ ಪ್ರಕಾರದ ರಚನೆಯಲ್ಲಿಯೇ ಅದರ ಬೇರುಗಳಿವೆಯೋ ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಎರಡನೆಯದೇ ಹೆಚ್ಚು ನಿಜವೆಂದು ನನ್ನ ಅಭಿಪ್ರಾಯ.

ಕನ್ನಡದ ಮಾತಿನ ಬಳಕೆಯಲ್ಲಿಯೂ ಈ ಅಂತರದ ಅರಿವಿದೆ ಎಂಬುದನ್ನು ಇಲ್ಲಿ ಗಮನಿಸಬಹುದು. ‘ಅವರಿಗೆ ಓದಿನ ಹುಚ್ಚು’ ಎಂದರೆ ಅದು ಮೆಚ್ಚುಗೆ. ‘ಅವರಿಗೆ ಪುಸ್ತಕ ಕೊಳ್ಳುವ ಹುಚ್ಚು’ ಎಂದರೆ ಮನೆಯವರ ದೂರು. ಹುಚ್ಚು ಒಂದೇ, ಬೆಲೆಗಟ್ಟುವಿಕೆ ಮಾತ್ರ ಬೇರೆ.

ಫ್ಯಾಂಟಸಿ ಎಂಬುದನ್ನು ಕನ್ನಡ ವಿಮರ್ಶೆಯು ‘ಅದ್ಭುತರಮ್ಯ’ ಎಂದೂ ‘ಕಲ್ಪನಾವಿಲಾಸ’ ಎಂದೂ ಕರೆದಿದೆ. ಇಲ್ಲಿ ಉದ್ದೇಶಿಸಿರುವುದು ಆ ವಿಶಾಲ ಅರ್ಥವನ್ನಲ್ಲ. ತನ್ನದೇ ಭೂಗೋಳ, ಚರಿತ್ರೆ, ಭಾಷೆಗಳುಳ್ಳ ಒಂದು ಜಗತ್ತನ್ನು ಕಟ್ಟುವ ಆಧುನಿಕ ಇಂಗ್ಲಿಷ್ ಕಾದಂಬರಿಗಳನ್ನು. ಜೆ.ಆರ್.ಆರ್. ಟೋಲ್ಕಿನ್ 1939ರಲ್ಲಿ ಸೇಂಟ್ ಆಂಡ್ರೂಸ್ ವಿಶ್ವವಿದ್ಯಾಲಯದಲ್ಲಿ ಕಿನ್ನರ ಕಥೆಗಳನ್ನು ಕುರಿತು ಮಾಡಿದ ಉಪನ್ಯಾಸವು ಈ ಪ್ರಕಾರಕ್ಕೆ ಒಂದು ಮೀಮಾಂಸೆಯನ್ನು ಒದಗಿಸಿತು. ಕಥೆಗಾರನು ಎರಡನೆಯ ಒಂದು ಜಗತ್ತನ್ನು ನಿರ್ಮಿಸುತ್ತಾನೆ, ಓದುಗನ ಮನಸ್ಸು ಅದರೊಳಗೆ ಪ್ರವೇಶಿಸುತ್ತದೆ, ಒಳಗಿರುವಷ್ಟು ಹೊತ್ತೂ ಆ ಜಗತ್ತಿನ ನಿಯಮಗಳೇ ನಿಜವಾಗಿರುತ್ತವೆ ಎಂಬುದು ಅವರ ವಾದದ ತಿರುಳು. ಜಗತ್ತೇ ಕೃತಿಯಾದಾಗ ಅದು ಒಂದು ಪುಸ್ತಕದಲ್ಲಿ ಮುಗಿಯುವುದು ಕಷ್ಟ.

ಆದರೂ ಈ ಪ್ರಕಾರಕ್ಕೆ ಮಾದರಿಯಾದ ಮೂರು ಸಂಪುಟಗಳ ವಿನ್ಯಾಸವು ಕಲಾತ್ಮಕ ಅಗತ್ಯದಿಂದ ಹುಟ್ಟಿದ್ದಲ್ಲ. ಟೋಲ್ಕಿನ್ ‘ದ ಲಾರ್ಡ್ ಆಫ್ ದ ರಿಂಗ್ಸ್’ ಅನ್ನು ಒಂದೇ ಕೃತಿಯಾಗಿ ಬರೆದಿದ್ದರು. ಯುದ್ಧಾನಂತರದ ಬ್ರಿಟನ್ನಿನಲ್ಲಿ ಕಾಗದ ದುಬಾರಿಯಾಗಿತ್ತು. ಅಷ್ಟು ದೊಡ್ಡ ಗ್ರಂಥವನ್ನು ಒಮ್ಮೆಗೇ ಅಚ್ಚುಹಾಕಲು ಪ್ರಕಾಶಕರು ಹಿಂಜರಿದರು. ಹೀಗಾಗಿ 1954ರ ಜುಲೈ, ಅದೇ ವರ್ಷದ ನವೆಂಬರ್ ಹಾಗೂ 1955ರ ಅಕ್ಟೋಬರ್‌ಗಳಲ್ಲಿ ಮೂರು ಸಂಪುಟಗಳಾಗಿ ಅದು ಹೊರಬಂದಿತು. ಎರಡನೆಯ ಸಂಪುಟವನ್ನು ಮುಗಿಸಿದ ಓದುಗರು ಮೂರನೆಯದಕ್ಕಾಗಿ ಹನ್ನೊಂದು ತಿಂಗಳು ಕಾದರು. ಕಾಗದದ ಲೆಕ್ಕಾಚಾರದಿಂದ ಆದ ಈ ವಿಭಜನೆಯು ಮುಂದಿನ ತಲೆಮಾರಿನ ಲೇಖಕರಿಗೆ ಪ್ರಕಾರದ ಲಕ್ಷಣವಾಗಿಯೇ ಕಂಡಿತು. 1965ರಲ್ಲಿ ಅಮೆರಿಕದಲ್ಲಿ ಅಗ್ಗದ ಪೇಪರ್‌ಬ್ಯಾಕ್ ಆವೃತ್ತಿಗಳು ಬಂದು ವಿದ್ಯಾರ್ಥಿಗಳ ಕೈಸೇರಿದ ಮೇಲೆ, 1977ರಲ್ಲಿ ಟೆರಿ ಬ್ರೂಕ್ಸ್‌ರ ‘ದ ಸೋರ್ಡ್ ಆಫ್ ಶನಾರಾ’ ಯಶಸ್ಸು ಗಳಿಸಿದ ಮೇಲೆ, ‘ಮಾಲೆ’ಯೆಂಬುದು ಫ್ಯಾಂಟಸಿಯ ಸಹಜ ರೂಪವೆಂಬ ತಿಳಿವಳಿಕೆ ಗಟ್ಟಿಯಾಯಿತು.

ಮಾಲೆಯು ಓದುಗರ ಕಾಲವನ್ನು ಹೇಗೆ ಬದಲಿಸುತ್ತದೆಂಬುದಕ್ಕೆ ರಾಬರ್ಟ್ ಜೋರ್ಡನ್‌ರ ‘ದ ವ್ಹೀಲ್ ಆಫ್ ಟೈಮ್’ ಒಳ್ಳೆಯ ನಿದರ್ಶನ. 1990ರಲ್ಲಿ ಆರಂಭವಾಗಿ 2013ರಲ್ಲಿ ಮುಗಿದ ಈ ಮಾಲೆಯಲ್ಲಿ ಹದಿನಾಲ್ಕು ಸಂಪುಟಗಳಿವೆ. ಪೂರ್ವಕಥೆಯ ಒಂದು ಸಂಪುಟ ಬೇರೆ. ಎಲ್ಲವೂ ಸೇರಿ ಸುಮಾರು 44 ಲಕ್ಷ ಪದಗಳು. ನಿಮಿಷಕ್ಕೆ 250 ಪದಗಳ ವೇಗದಲ್ಲಿ ಓದಿದರೆ 17,600 ನಿಮಿಷ, ಅಂದರೆ ಸುಮಾರು 293 ಗಂಟೆ ಬೇಕು. ಉದ್ಯೋಗ, ಸಂಸಾರಗಳ ನಡುವೆ ದಿನಕ್ಕೊಂದು ಗಂಟೆಯನ್ನು ಓದಿಗೆ ಮೀಸಲಿಡಬಲ್ಲವರು ಹತ್ತು ತಿಂಗಳು ಬೇರೇನನ್ನೂ ಮುಟ್ಟದೆ ಇದನ್ನೇ ಓದಬೇಕು. ಕೊಳ್ಳುವುದಕ್ಕಾದರೋ ಒಂದು ಸಂಜೆ ಸಾಕು. ಕೊಳ್ಳುವ ಕ್ರಿಯೆಯ ಕಾಲಕ್ಕೂ ಓದುವ ಕ್ರಿಯೆಯ ಕಾಲಕ್ಕೂ ಇರುವ ಈ ಅಸಮತೋಲನ ಎಲ್ಲ ಪುಸ್ತಕಗಳಿಗೂ ಅನ್ವಯಿಸುವಂಥದ್ದೇ. ಸಣ್ಣ ಕವನಸಂಕಲನದಲ್ಲಿ ಅದು ಕಾಣುವುದಿಲ್ಲ. ಇಲ್ಲಿ ಕಣ್ಣಿಗೆ ರಾಚುತ್ತದೆ. ಟೆರಿ ಪ್ರ್ಯಾಚೆಟ್‌ರ ‘ಡಿಸ್ಕ್‌ವರ್ಲ್ಡ್’ನಲ್ಲಿ 41 ಕಾದಂಬರಿಗಳಿದ್ದರೂ ಒಂದೊಂದೂ ಬಹುಮಟ್ಟಿಗೆ ಸ್ವತಂತ್ರವಾಗಿ ನಿಲ್ಲುತ್ತದೆ, ಹಾಗಾಗಿ ಅಲ್ಲಿ ಒತ್ತಡ ಈ ಬಗೆಯದಲ್ಲ. ಎಷ್ಟು ಪುಸ್ತಕಗಳಿವೆ ಎನ್ನುವುದಕ್ಕಿಂತ, ಒಂದು ಇನ್ನೊಂದಕ್ಕೆ ಎಷ್ಟು ಬಿಗಿಯಾಗಿ ಕಟ್ಟಿಕೊಂಡಿದೆ ಎನ್ನುವುದೇ ಮುಖ್ಯವಾದುದು.

ಇನ್ನೊಂದು ಮುಖ ಕಾಯುವಿಕೆಯದು. ಜೋರ್ಡನ್ 2007ರಲ್ಲಿ ಮಾಲೆಯನ್ನು ಮುಗಿಸದೆಯೇ ತೀರಿಕೊಂಡರು. ಅವರು ಬಿಟ್ಟುಹೋದ ಟಿಪ್ಪಣಿಗಳನ್ನು ಆಧರಿಸಿ ಬ್ರ್ಯಾಂಡನ್ ಸ್ಯಾಂಡರ್ಸನ್ ಕೊನೆಯ ಮೂರು ಸಂಪುಟಗಳನ್ನು ಪೂರ್ಣಗೊಳಿಸಿದರು. ಜಾರ್ಜ್ ಆರ್.ಆರ್. ಮಾರ್ಟಿನ್‌ರ ಮಾಲೆಯ ಮೊದಲ ಸಂಪುಟ 1996ರಲ್ಲಿ, ಐದನೆಯದು 2011ರಲ್ಲಿ ಬಂದವು. ಆರನೆಯದಕ್ಕಾಗಿ ಓದುಗರು ಒಂದು ದಶಕಕ್ಕೂ ಮೀರಿ ಕಾದರು. ಇಂಥ ಅನುಭವಗಳಿಂದ ಎಚ್ಚೆತ್ತ ಕೆಲವರು ಮಾಲೆ ಪೂರ್ಣವಾಗುವವರೆಗೆ ಮೊದಲ ಸಂಪುಟವನ್ನೂ ಕೊಳ್ಳುವುದಿಲ್ಲವೆಂದು ನಿರ್ಧರಿಸುತ್ತಾರೆ. ನಿರ್ಧಾರ ವಿವೇಕದ್ದೇ ಸರಿ. ಆದರೆ ಮೊದಲ ಸಂಪುಟ ಮಾರಾಟವಾಗದಿದ್ದರೆ ಪ್ರಕಾಶಕರು ಮಾಲೆಯನ್ನೇ ನಿಲ್ಲಿಸಬಹುದು. ಆಗ ಕಾದವರಿಗೆ ಓದಲು ಏನೂ ಉಳಿಯದು. ಈ ಇಕ್ಕಟ್ಟನ್ನು ಅರಿತ ಓದುಗರು ಈಗಲೇ ಓದುವ ಉದ್ದೇಶವಿಲ್ಲದಿದ್ದರೂ ಸಂಪುಟವನ್ನು ಬಿಡುಗಡೆಯಾದ ವಾರವೇ ಕೊಂಡಿಡುತ್ತಾರೆ. ಅದು ಕಥೆಯು ಮುಂದುವರಿಯಲಿ ಎಂದು ಹಾಕಿದ ಮತ. ಹೊರಗಿನಿಂದ ನೋಡಿದವರಿಗೆ ಇದು ಓದದೆ ಪೇರಿಸಿಟ್ಟ ಪುಸ್ತಕ. ಒಳಗಿನಿಂದ ನೋಡಿದರೆ ಓದಿನ ಸಾಧ್ಯತೆಯನ್ನು ಉಳಿಸಿಕೊಳ್ಳುವ ಕ್ರಿಯೆ.

ಇನ್ನು ಕಪಾಟಿನ ಮಾತು. ಫ್ಯಾಂಟಸಿಯ ಓದುಗರಿಗೆ ಪುಸ್ತಕವು ಕಥೆಯನ್ನು ಹೊತ್ತ ಪಾತ್ರೆ ಮಾತ್ರವಲ್ಲ. ಮೊದಲ ಪುಟಗಳಲ್ಲಿರುವ ನಕಾಶೆಗೆ ಅವರು ಓದಿನ ನಡುವೆ ಮರಳಿ ಮರಳಿ ಹೋಗುತ್ತಾರೆ. ಮಾಲೆಯ ಪುಸ್ತಕಗಳ ಬೆನ್ನುಗಳು ಒಂದೇ ಎತ್ತರದಲ್ಲಿ, ಒಂದೇ ಬಣ್ಣದಲ್ಲಿ ಸಾಲಾಗಿ ನಿಲ್ಲಬೇಕೆಂಬ ಆಸೆ ಅವರಿಗಿರುತ್ತದೆ. ಮೇಲುನೋಟಕ್ಕೆ ಬಾಲಿಶವೆನಿಸುವ ಈ ಆಸೆಗೂ ಟೋಲ್ಕಿನ್ ಹೇಳಿದ ಎರಡನೆಯ ಜಗತ್ತಿಗೂ ಸಂಬಂಧವಿದೆ. ಆ ಜಗತ್ತಿಗೆ ನಮ್ಮ ಜಗತ್ತಿನಲ್ಲಿ ಇರುವ ಏಕೈಕ ನೆಲೆ ಈ ಸಾಲು. ಮಾಲೆಯ ನಡುವೆ ಪ್ರಕಾಶಕರು ಮುಖಪುಟದ ವಿನ್ಯಾಸವನ್ನು ಬದಲಿಸಿದರೆ ಓದುಗರು ಮುನಿಸಿಕೊಳ್ಳುವುದಕ್ಕೆ, ಹಳೆಯ ಸಂಪುಟಗಳನ್ನು ಹೊಸ ವಿನ್ಯಾಸದಲ್ಲಿ ಮತ್ತೊಮ್ಮೆ ಕೊಳ್ಳುವುದಕ್ಕೆ ಕಾರಣ ಇದೇ. ‘ದ ವ್ಹೀಲ್ ಆಫ್ ಟೈಮ್’ನ ಅಮೆರಿಕದ ಆವೃತ್ತಿಗೆ ಆರಂಭದಿಂದ ಮುಖಪುಟ ರಚಿಸಿದ ಡ್ಯಾರೆಲ್ ಕೆ. ಸ್ವೀಟ್ 2011ರಲ್ಲಿ ನಿಧನರಾದರು. ಕೊನೆಯ ಸಂಪುಟದ ಮುಖಪುಟವನ್ನು ಮೈಕೆಲ್ ವೀಲನ್ ರಚಿಸಬೇಕಾಯಿತು. ಲೇಖಕನೂ ಚಿತ್ರಕಾರನೂ ಇಬ್ಬರೂ ಮುಗಿಸಲಾಗದೆ ಹೋದ ಆ ಸಾಲನ್ನು ಮುಗಿಸಿದ ತೃಪ್ತಿ ಕೊಂಡವರ ಪಾಲಿಗೆ ಬಂದಿತು.

ಈ ಆಸೆಯನ್ನು ಮಾರುಕಟ್ಟೆಯು ಗಮನಿಸದೆ ಬಿಟ್ಟಿಲ್ಲ. ಅಂಚುಗಳಿಗೆ ಬಣ್ಣ ಬಳಿದ ವಿಶೇಷ ಪ್ರತಿಗಳು, ತಿಂಗಳಿಗೊಮ್ಮೆ ಮನೆಗೆ ಬರುವ ಪುಸ್ತಕದ ಪೆಟ್ಟಿಗೆಗಳು ಇಂದು ಈ ಪ್ರಕಾರದ ಸಾಮಾನ್ಯ ಸಂಗತಿಗಳಾಗಿವೆ. 2022ರ ಮಾರ್ಚಿನಲ್ಲಿ ಸ್ಯಾಂಡರ್ಸನ್ ತಮ್ಮ ನಾಲ್ಕು ಹೊಸ ಕಾದಂಬರಿಗಳ ಪ್ರಕಟಣೆಗಾಗಿ ಓದುಗರಿಂದ ನೇರವಾಗಿ ಮುಂಗಡ ಹಣ ಕೇಳಿದರು. ಒಂದು ತಿಂಗಳಲ್ಲಿ ಸುಮಾರು 1.85 ಲಕ್ಷ ಜನರು 4.17 ಕೋಟಿ ಡಾಲರ್ ಕೊಟ್ಟರು. 2023ರಲ್ಲಿ ಮೂರು ತಿಂಗಳಿಗೊಂದು ಪುಸ್ತಕ ಬಂದಿತು. ಹೆಚ್ಚು ಹಣ ತೆತ್ತವರಿಗೆ ಉಳಿದ ಎಂಟು ತಿಂಗಳು ಆ ಕಥಾಲೋಕಗಳಿಗೆ ಸಂಬಂಧಿಸಿದ ವಸ್ತುಗಳ ಪೆಟ್ಟಿಗೆಗಳು ಬಂದವು. ಇಲ್ಲಿ ಒಂದು ಗೆರೆ ದಾಟಿದಂತೆ ನನಗೆ ತೋರುತ್ತದೆ. ಕಥೆ ಮುಂದುವರಿಯಲೆಂದು ಸಂಪುಟ ಕೊಳ್ಳುವವರು ಓದಿನ ಪರವಾಗಿ ಹಣ ವ್ಯಯಿಸುತ್ತಾರೆ. ಪುಸ್ತಕವಿಲ್ಲದ ಪೆಟ್ಟಿಗೆಗೆ ಕಾಯುವವರು ಕಾಯುವ ಸುಖಕ್ಕಾಗಿಯೇ ವ್ಯಯಿಸುತ್ತಾರೆ. ಎರಡನ್ನೂ ಒಂದೇ ‘ಚಟ’ದ ಹೆಸರಿನಲ್ಲಿ ಸೇರಿಸುವುದು ಸರಿಯಲ್ಲ.

‘ಚಟ’ ಎಂಬ ಪದವೂ ಎಚ್ಚರಿಕೆಯಿಂದ ಬಳಸಬೇಕಾದುದು. ಅಮೆರಿಕದ ಮನೋವೈದ್ಯರ ಸಂಘವು 2013ರಲ್ಲಿ ಹೊರತಂದ ರೋಗನಿರ್ಣಯದ ಕೈಪಿಡಿಯು ಅತಿಯಾಗಿ ಕೊಳ್ಳುವುದನ್ನು ಪ್ರತ್ಯೇಕ ಕಾಯಿಲೆಯೆಂದು ಪಟ್ಟಿಮಾಡಿಲ್ಲ. ಹತ್ತೊಂಬತ್ತನೆಯ ಶತಮಾನದ ಆರಂಭದ ಇಂಗ್ಲೆಂಡಿನಲ್ಲಿ ‘ಬಿಬ್ಲಿಯೊಮೇನಿಯಾ’ ಎಂಬ ಮಾತು ರಿಚರ್ಡ್ ಹೀಬರ್‌ನಂಥ ಸಿರಿವಂತರಿಗೆ ಸಲ್ಲುತ್ತಿತ್ತು. ಆತನ ಪುಸ್ತಕಗಳು ಎಂಟು ಮನೆಗಳನ್ನು ತುಂಬಿದ್ದವು. ಇಂದು ಆ ಹುಚ್ಚು ಸಂಬಳದವರ ಒಂದು ಕೋಣೆಗೆ ಇಳಿದಿದೆ, ಅಷ್ಟೆ.

ಮಾಲೆಯ ಆಕರ್ಷಣೆ ಪಶ್ಚಿಮದ ಸೃಷ್ಟಿಯೆಂದು ಭಾವಿಸಬೇಕಾಗಿಯೂ ಇಲ್ಲ. ಲಖನೌದ ನವಲ್ ಕಿಶೋರ್ ಮುದ್ರಣಾಲಯವು 1880ರ ದಶಕದಿಂದ ಮೊದಲ್ಗೊಂಡು ಉರ್ದುವಿನ ‘ದಾಸ್ತಾನ್-ಎ-ಅಮೀರ್ ಹಂಜಾ’ವನ್ನು 46 ಸಂಪುಟಗಳಲ್ಲಿ ಪ್ರಕಟಿಸಿತು. ಮಾಯಾಲೋಕಗಳೂ ಮಾಂತ್ರಿಕರೂ ತುಂಬಿದ ಈ ಬೃಹತ್ ಕಥನವು ಇಪ್ಪತ್ತನೆಯ ಶತಮಾನದಲ್ಲಿ ವಿಮರ್ಶಕರ ಅನಾದರಕ್ಕೆ ಗುರಿಯಾಗಿ, ಸಂಪುಟಗಳು ಸಿಗುವುದೇ ದುರ್ಲಭವಾಯಿತು. ಉರ್ದು ವಿಮರ್ಶಕ ಶಂಸುರ್ ರೆಹಮಾನ್ ಫಾರೂಕಿ (1935–2020) ಅವುಗಳನ್ನು ಒಂದೊಂದಾಗಿ ಕಲೆಹಾಕಿ, ಓದಿ, ಅವುಗಳ ಕಾವ್ಯಮೀಮಾಂಸೆಯನ್ನು ಕುರಿತು ಹಲವು ಸಂಪುಟಗಳ ಅಧ್ಯಯನವನ್ನು ಬರೆದರು. ಇಲ್ಲಿ ಕೊಳ್ಳುವಿಕೆಯು ಓದಿಗಿಂತ ಮುಂಚೆ ಬಂದದ್ದು ಮಾತ್ರವಲ್ಲ, ಓದನ್ನೇ ಸಾಧ್ಯಗೊಳಿಸಿತು. ನಾವು ಸಂಶೋಧಕರು ಎಂದಾದರೂ ಬೇಕಾದೀತೆಂದು ತಂದಿಟ್ಟ ಶಾಸನಸಂಪುಟಗಳ ವಿಷಯವನ್ನು ಇಲ್ಲಿ ಎತ್ತದಿರುವುದೇ ಲೇಸು.

ಕನ್ನಡದ ಸಂದರ್ಭಕ್ಕೆ ಬಂದರೆ ಚಿತ್ರ ತಿರುವುಮುರುವಾಗುತ್ತದೆ. ಕನ್ನಡದಲ್ಲಿ ತಿಂಗಳಿಗೊಮ್ಮೆ ಅದ್ಭುತಕಥನವನ್ನು ಓದುವ ಅಭ್ಯಾಸವನ್ನು ವ್ಯಾಪಕಗೊಳಿಸಿದ್ದು ‘ಚಂದಮಾಮ’. ಅದರ ಕನ್ನಡ ಆವೃತ್ತಿ 1949ರಲ್ಲಿ ಆರಂಭವಾಯಿತು. ಧಾರಾವಾಹಿಗಳ ಮುಂದಿನ ಕಂತಿಗಾಗಿ ಒಂದು ತಿಂಗಳು ಕಾಯುವ ಓದುಗರು ಅಲ್ಲಿಯೂ ಇದ್ದರು. ಆದರೆ ಒಂದು ಪ್ರತಿಯನ್ನು ಮನೆಮಂದಿಯೆಲ್ಲ, ಅನಂತರ ನೆರೆಮನೆಯವರು ಓದುತ್ತಿದ್ದರು. ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿಗಳ ಓದುಗರಲ್ಲಿ ಬಹುಮಂದಿ ಅವುಗಳನ್ನು ಕೊಂಡವರಲ್ಲ, ಸರ್ಕ್ಯುಲೇಟಿಂಗ್ ಲೈಬ್ರರಿಗಳಿಂದ ಬಾಡಿಗೆಗೆ ತಂದವರು. ಅಲ್ಲಿ ಒಬ್ಬ ಓದುಗನಿಗೆ ಓದದ ಹಲವು ಪ್ರತಿಗಳು. ಇಲ್ಲಿ ಒಂದು ಪ್ರತಿಗೆ ಹಲವು ಓದುಗರು. ಇದರ ಜೊತೆಗೆ ಗ್ರಂಥಾಲಯ ಇಲಾಖೆಯ ಸಗಟು ಖರೀದಿಯ ಮೂಲಕ ಕಪಾಟು ಸೇರಿದ ಪ್ರತಿಗಳನ್ನು ನೆನೆದರೆ, ಕೊಂಡದ್ದಕ್ಕೂ ಓದಿದ್ದಕ್ಕೂ ಇರುವ ನಂಟು ಇನ್ನಷ್ಟು ಸಡಿಲವಾಗುತ್ತದೆ.

ಹೀಗಿದ್ದೂ ಕನ್ನಡದಲ್ಲಿ ಓದುಗವರ್ಗವನ್ನು ಕುರಿತ ಬರಹಗಳು ಬಹುಮಟ್ಟಿಗೆ ಮುದ್ರಣಗಳ ಸಂಖ್ಯೆಯನ್ನೇ ಆಧಾರವಾಗಿಸಿಕೊಳ್ಳುತ್ತವೆ. ಒಂದು ಕೃತಿ ಹತ್ತು ಮುದ್ರಣ ಕಂಡಿತೆಂದರೆ ಅದು ಜನಪ್ರಿಯ. ಎರಡನೆಯ ಮುದ್ರಣ ಕಾಣದಿದ್ದರೆ ಅದಕ್ಕೆ ಓದುಗರಿಲ್ಲ. ಇದು ಹಾರ್ನ್‌ಬಿಯವರ ಮೊದಲ ಪಟ್ಟಿಯನ್ನು ಎರಡನೆಯದೆಂದು ಎಣಿಸಿದಂತೆ. ಎರಡನೆಯ ಪಟ್ಟಿಗೆ ಆಕರಗಳಿಲ್ಲವೆಂದೇನೂ ಅಲ್ಲ. ಗ್ರಂಥಾಲಯದ ಪುಸ್ತಕಗಳಲ್ಲಿ ಅಂಟಿಸಿದ ದಿನಾಂಕದ ಚೀಟಿಗಳಿವೆ, ಮುಚ್ಚಿಹೋದ ಬಾಡಿಗೆ ಲೈಬ್ರರಿಗಳ ರಿಜಿಸ್ಟರುಗಳಲ್ಲಿ ಕೆಲವಾದರೂ ಯಾರದೋ ಅಟ್ಟದ ಮೇಲೆ ಉಳಿದಿರಬಹುದು. ಬೆಂಗಳೂರಿನ ಹಳೆಯ ಪುಸ್ತಕದಂಗಡಿಗಳಲ್ಲಿ ದಪ್ಪ ಫ್ಯಾಂಟಸಿ ಮಾಲೆಗಳ ಬಿಡಿ ಸಂಪುಟಗಳನ್ನು ತಿರುವಿಹಾಕುವಾಗ ನಾನು ಗಮನಿಸಿದ್ದುಂಟು: ಮೊದಲ ಸಂಪುಟದ ಬೆನ್ನಿನಲ್ಲಿ ಮಡಿಕೆಯ ಗೆರೆಗಳು ದಟ್ಟವಾಗಿರುತ್ತವೆ, ಮೂರನೆಯದರಲ್ಲಿ ನಡುವಿನವರೆಗೆ ಮಾತ್ರ ಇರುತ್ತವೆ, ಐದನೆಯದು ನುಣುಪಾಗಿರುತ್ತದೆ.