ಬದಿ, ಪದ, ಸಂಖ್ಯೆ: ಧ್ವನಿಮುದ್ರಿಕೆಗಳ ಸೂಚಿಯಲ್ಲಿ ಕ್ರಮದ ಪ್ರಶ್ನೆ

ಗ್ರಾಮಫೋನ್ ತಟ್ಟೆಯೊಂದಕ್ಕೆ ಸಾಮಾನ್ಯವಾಗಿ ಎರಡು ಬಗೆಯ ಸಂಖ್ಯೆಗಳಿರುತ್ತವೆ. ನಡುವಣ ಚೀಟಿಯ ಮೇಲೆ ಎದ್ದುಕಾಣುವುದು ಸೂಚಿ ಸಂಖ್ಯೆ. ಮಾರಾಟಕ್ಕೆಂದು ಕಂಪನಿಯು ಇಡೀ ತಟ್ಟೆಗೆ ಕೊಟ್ಟದ್ದು. ಚೀಟಿಯ ಸುತ್ತ, ಗೀರುಗಳು ಮುಗಿಯುವಲ್ಲಿ ಮೂಡಿರುವುದು ಮ್ಯಾಟ್ರಿಕ್ಸ್ ಸಂಖ್ಯೆ. ಅದು ಒಂದು ಬದಿಯ ಮುದ್ರಣಕ್ಕೆ ಮಾತ್ರ ಸೇರಿದ್ದು. 1902ರಲ್ಲಿ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತೆಯಲ್ಲಿ ಧ್ವನಿಮುದ್ರಣ ನಡೆಸಿದ ಕಾಲಕ್ಕೆ ಕಂಪನಿಯ ತಟ್ಟೆಗಳಲ್ಲಿ ಹಾಡು ಇರುತ್ತಿದ್ದುದು ಒಂದೇ ಬದಿಗೆ. ಬದಿಯನ್ನು ಹೆಸರಿಸುವ ಪ್ರಶ್ನೆಯೇ ಏಳುತ್ತಿರಲಿಲ್ಲ. ಎರಡು ಬದಿಯ ತಟ್ಟೆಗಳು ರೂಢಿಗೆ ಬಂದ ಮೇಲೆ ಸೂಚಿ ಸಂಖ್ಯೆಯೊಂದೇ ಸಾಲದಾಯಿತು.

ಹತ್ತು ಅಂಗುಲದ ತಟ್ಟೆಯ ಒಂದು ಬದಿಯಲ್ಲಿ ಸುಮಾರು ಮೂರು ನಿಮಿಷದ ಗಾಯನವಷ್ಟೇ ಹಿಡಿಯುತ್ತಿತ್ತು. ದೀರ್ಘ ಕೃತಿಗಳು ಹಲವು ತಟ್ಟೆಗಳಿಗೆ ಹರಡಿದವು. ತಟ್ಟೆಗಳನ್ನು ತಾನಾಗಿ ಬದಲಿಸುವ ಯಂತ್ರಗಳಿಗೆಂದು ಮೂರು ತಟ್ಟೆಗಳ ಕಟ್ಟನ್ನು 1–6, 2–5, 3–4 ಎಂದು ಜೋಡಿಸುತ್ತಿದ್ದುದುಂಟು. ಇದನ್ನರಿಯದೆ ಒಂದೊಂದೇ ತಟ್ಟೆಯನ್ನು ಮಗುಚಿ ಕೇಳಿದರೆ ಆರಂಭದ ಬೆನ್ನಿಗೇ ಅಂತ್ಯ ಬಂದುಬಿಡುತ್ತದೆ.

1948ರ ದೀರ್ಘಾವಧಿ ತಟ್ಟೆಯು ಒಂದು ಬದಿಯಲ್ಲೇ ಹಲವು ಹಾಡುಗಳನ್ನು ಹೊತ್ತು ತಂದಿತು. ಎ1, ಎ2, ಬಿ1 ಎಂಬ ಬರವಣಿಗೆ ಅದಕ್ಕೆ ಸಹಜವಾಗಿ ಒದಗಿತು. 1982ರಲ್ಲಿ ಬಂದ ಸಿ.ಡಿ.ಗೆ ಮಗುಚುವ ಬದಿಯಿಲ್ಲ. ಅಲ್ಲಿ 1ರಿಂದ 99ರವರೆಗಿನ ನೇರ ಎಣಿಕೆ.

ಕಾಸರಗೋಡಿನಂತಹ ಯಕ್ಷಗಾನದ ನಾಡಿನಲ್ಲಿ ಈ ಪ್ರಶ್ನೆ ತೀವ್ರವಾಗುವುದು ಕ್ಯಾಸೆಟ್ಟಿನ ವಿಷಯದಲ್ಲಿ. ಭಾವಗೀತೆಗಳ ಸುರುಳಿಯಲ್ಲಿ ಹಾಡುಗಳು ಹಿಂದುಮುಂದಾದರೆ ಕೇಳುಗನಿಗೆ ಹೆಚ್ಚಿನ ನಷ್ಟವಿಲ್ಲ. ತಾಳಮದ್ದಳೆ ಹಾಗಲ್ಲ: ಒಬ್ಬ ಅರ್ಥಧಾರಿ ಎತ್ತಿದ ಆಕ್ಷೇಪಕ್ಕೆ ಇನ್ನೊಬ್ಬನ ಉತ್ತರ ಮುಂದಿನ ಬದಿಯಲ್ಲಿರಬಹುದು. ತೊಂಬತ್ತು ನಿಮಿಷದ ಕ್ಯಾಸೆಟ್ಟಿನ ಬದಿ ನಲವತ್ತೈದು ನಿಮಿಷಕ್ಕೆ ಮುಗಿಯುತ್ತದೆ. ವಾದ ಮುಗಿದಿದೆಯೇ ಎಂದು ಸುರುಳಿ ಕೇಳುವುದಿಲ್ಲ. ಇಂಥವನ್ನು ಗಣಕಕ್ಕೆ ಇಳಿಸುವಾಗ ಕಡತಗಳಿಗೆ ಬರಿಯ 1, 2, 10 ಎಂದು ಹೆಸರಿಟ್ಟರೆ, ಅಕ್ಷರಕ್ರಮದಲ್ಲಿ ಜೋಡಿಸುವ ತಂತ್ರಾಂಶವು 10ನ್ನು 2ರ ಮುಂದೆ ತಂದು ನಿಲ್ಲಿಸುತ್ತದೆ. 01, 02 ಎಂದು ಸೊನ್ನೆ ಸೇರಿಸುವ ರೂಢಿ ಅಲಂಕಾರಕ್ಕಲ್ಲ.

ಸೊನ್ನೆಯೊಂದರಿಂದಲೇ ಎಲ್ಲವೂ ಸರಿಹೋಗದು. ‘03ಬಿ’ ಎಂದರೆ ಮೂರನೆಯ ಕ್ಯಾಸೆಟ್ಟಿನ ಎರಡನೆಯ ಬದಿ ಎಂಬ ಮೂಲಸ್ಥಾನವನ್ನು ಕಡತದ ಕ್ರಮಸಂಖ್ಯೆಯಿಂದ ಪ್ರತ್ಯೇಕವಾಗಿ ದಾಖಲಿಸಬೇಕು. ಚೀಟಿಯಲ್ಲಿ ಇರುವುದನ್ನು ಇದ್ದಂತೆಯೇ ಬರೆದು, ಸೂಚಿಕಾರನು ತಾನಾಗಿ ಸೇರಿಸಿದ ಸಂಖ್ಯೆಯನ್ನು ಚೌಕ ಆವರಣದಲ್ಲಿಡುವುದು ಗ್ರಂಥಾಲಯಗಳ ಹಳೆಯ ಶಿಸ್ತು; ಇಲ್ಲಿಯೂ ಅದೇ ಯುಕ್ತ.

ಬದಿಯೊಳಗಣ ವಿಭಾಗಕ್ಕೆ ಸಿನಿಮಾ ಹಾಡಿನ ಅಳತೆ ಒಗ್ಗದು. ಭಾಗವತರ ಪದ, ಅದರ ಹಿಂದೆಯೇ ಬರುವ ಅರ್ಥ, ಎರಡೂ ಸೇರಿ ಒಂದು ಘಟಕ. ಸುರುಳಿ ಮುಗಿದು ಅರ್ಥವು ಅರ್ಧಕ್ಕೆ ನಿಂತು ಇನ್ನೊಂದು ಬದಿಯಲ್ಲಿ ಮುಂದುವರಿದರೆ, ಆ ತುಂಡಿಗೆ ಹೊಸ ಸಂಖ್ಯೆ ಕೊಡದೆ, ಹಿಂದಿನ ಪದದ ಸಂಖ್ಯೆಯನ್ನೇ ಬರೆದು ‘ಮುಂದುವರಿದಿದೆ’ ಎಂದು ಗುರುತಿಸಬೇಕು.